ಮಲಿಕ್-ಎ-ಮೈದಾನ್ ತೋಪು ಬಿಸಲಾಗ ಯಾಕ ಕಾಯಂಗಿಲ್ಲ?

ಟಾಂಗಾ ಮಾವನ ಅಳಿಯ · ವಿಜಯಪುರ · ರವಿವಾರ ರಾತ್ರಿ 9:10

ನಮ್ಮ ಸೋದರಮಾವ ಟಾಂಗಾ ಹೊಡೀತಾನ್ರಿ. ಸ್ಟೇಶನ್‌ದಿಂದ ಗೋಲಗುಮ್ಮಟ, ಅಲ್ಲಿಂದ ಬಾರಾಕಮಾನ, ಕಡೀಕ ಸಿಂಹ ಬುರುಜಿನ ಮ್ಯಾಲಿನ ಮಲಿಕ್-ಎ-ಮೈದಾನ್ ತೋಪು. ಇಪ್ಪತ್ತು ವರ್ಷ ಆತು, ತೋಪಿನ ಮುಂದ ನಿಂತು ಅಂವ ಹೇಳೋದು ಅವೇ ಮೂರು ಮಾತು. ಒಂದು, "ಎಂಥಾ ಬ್ಯಾಸಗಿ ಬಿಸಲಾಗೂ ಇದು ಕಾಯಂಗಿಲ್ಲ, ಕೈ ಇಟ್ಟು ನೋಡ್ರಿ." ಎರಡು, "ಬತ್ತಿಗೆ ಬೆಂಕಿ ಕೊಟ್ಟಂವ ಬಾಜೂಕಿನ ನೀರಿನ ಹೌಜಿಗೆ ಜಿಗದು ಮುಳುಗಿ ಕೂಡ್ತಿದ್ದ, ಇಲ್ಲಂದ್ರ ಕಿವಿತಮಟಿ ಹರೀತಿತ್ತು." ಮೂರು, "ಇಂಗ್ಲೀಷರು 1854ರಾಗ ಇದನ್ನ 150 ರೂಪಾಯಿಗೆ ಲಿಲಾವ ಹಾಕಿದ್ರು, ಆಮ್ಯಾಲ ಬುದ್ಧಿ ಬಂದು ರದ್ದ ಮಾಡಿದ್ರು."

ಮೊನ್ನೆ ಬೆಂಗಳೂರಿಂದ ಬಂದಿದ್ದ ನಮ್ಮ ಚಿಕ್ಕಮ್ಮನ ಮಗ ಮೊದಲನೇ ಮಾತಿಗೇ ನಕ್ಕುಬಿಟ್ಟ. "ಲೋಹ ಬಿಸಿಲಲ್ಲಿ ಕಾಯಲ್ವಾ ಮಾಮ? ನಿಮ್ಮ ಟಾಂಗಾದ ಪಟ್ಟಿ ಮುಟ್ಟಿ ನೋಡಿ" ಅಂದ. ಮಾವ ಸಿಟ್ಟಿಗೆದ್ದು ಅವನ ಕೈ ಹಿಡದು ತೋಪಿನ ಮ್ಯಾಲ ಇಟ್ಟ. ತಣ್ಣಗಿತ್ತು! ಮುಂಜಾನೆ 11 ಗಂಟೆ, ಮೇ ತಿಂಗಳ ಬಿಸಲು, ಕಲ್ಲಿನ ಮ್ಯಾಲ ಬರಿಗಾಲಲೆ ನಿಲ್ಲಾಕ ಆಗ್ತಿದ್ದಿಲ್ಲ. ಹುಡುಗ ಅವತ್ತಿಂದ ಗಪ್ಪಗಾಗ್ಯಾನ, ಆದ್ರ ನನಗ ನಿದ್ದಿ ಬರವಲ್ದು. ಗೊತ್ತಿದ್ದವರು ಹೇಳ್ರಿ.

ಬಾಗೇವಾಡಿ ಗಾಳಿ · ಬಸವನಬಾಗೇವಾಡಿ · 9:34

ಇದರಾಗ ಕೇಳೂದೇನೈತಿ? ಅದು ಪಂಚಲೋಹ. ಹಿಂದಿನವರಿಗೆ ಯಾವ ಲೋಹ ಎಷ್ಟು ಹಾಕಬೇಕಂತ ಗೊತ್ತಿತ್ತು, ಈಗಿನವರಿಗೆ ಗೊತ್ತಿಲ್ಲ. ವಿಷಯ ಮುಗೀತು.

ನಿವೃತ್ತ ಮಾಸ್ತರ · ಬಾಗಲಕೋಟೆ · 10:20

ವಿಷಯ ಮುಗಿದಿಲ್ಲ, ಬಾಗೇವಾಡಿಯವರೇ. ಅದು ಕಂಚು, ಮುಖ್ಯವಾಗಿ ತಾಮ್ರ ಮತ್ತು ತವರ. ಅಹಮದನಗರದಲ್ಲಿ 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಅಧಿಕಾರಿ ಎರಕ ಹೊಯ್ಸಿದ್ದು. ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಪರಾಂಡಾ ಕೋಟೆಯಿಂದ. ಗುಡಿಯ ಗಂಟೆಯೂ ಇದೇ ಜಾತಿಯ ಲೋಹ. ಅದಕ್ಕೇ ತೋಪನ್ನು ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಗುಡಿಯ ಗಂಟೆ ಮಾತ್ರ ಬಿಸಿಲಿಗೆ ಚೆನ್ನಾಗಿಯೇ ಕಾಯುತ್ತದೆ. ಹಾಗಾದರೆ ಗುಟ್ಟು ಲೋಹದ ಜಾತಿಯಲ್ಲಿಲ್ಲ, ಬೇರೆ ಕಡೆ ಹುಡುಕಬೇಕು.

ಒಂದು ಕಾಗದ ತೊಗೊಳ್ರಿ. ತೋಪಿನ ತೂಕ 55 ಟನ್, ಉದ್ದ 4.45 ಮೀಟರ್, ಅಡ್ಡಗಲ 1.5 ಮೀಟರ್. ಒಂದು ಕಿಲೋ ಕಂಚನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 380 ಜೂಲ್ ಬೇಕು. ಇಡೀ ತೋಪನ್ನು ಒಂದು ಡಿಗ್ರಿ ಏರಿಸಲು 55,000 × 380, ಅಂದರೆ ಹತ್ತಿರ ಹತ್ತಿರ 2.1 ಕೋಟಿ ಜೂಲ್.

ಈಗ ಬರುವ ಕಡೆ ನೋಡೋಣ. ಮಟಮಟ ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 900 ವಾಟ್ ಬಿಸಿಲು ಬೀಳುತ್ತದೆ. ತೋಪಿನ ನೆರಳು ಎಷ್ಟು ದೊಡ್ಡದೋ ಅಷ್ಟೇ ಬಿಸಿಲನ್ನು ಅದು ಹಿಡಿದಿದೆ ಅಂತ ಅರ್ಥ: 4.45 × 1.5, ಸುಮಾರು 6.7 ಚದರ ಮೀಟರ್. ಹಿಡಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಹೋಯಿತು ಅನ್ನೋಣ, ಉಳಿದದ್ದು ತಿರುಗಿ ಹಾರಿತು. 4,000 ವಾಟ್. ಒಂದು ತಾಸಿಗೆ 1.44 ಕೋಟಿ ಜೂಲ್. ಭಾಗಿಸಿರಿ. ತಾಸಿಗೆ ಮುಕ್ಕಾಲು ಡಿಗ್ರಿಯೂ ಇಲ್ಲ!

ಇದನ್ನು ಮನೆಯ ಮೇಲಿನ ಪತ್ರಾಸಿಗೆ ಹೋಲಿಸಿರಿ. ಅರ್ಧ ಮಿಲಿಮೀಟರ್ ತಗಡು ಚದರ ಮೀಟರಿಗೆ ನಾಲ್ಕು ಕಿಲೋ ತೂಗುತ್ತದೆ. ಅಷ್ಟೇ ಬಿಸಿಲಿಗೆ ಅದು ಮೂರು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ತೋಪಿಗೆ ಒಂದು ತಾಸಿಗಿಂತ ಹೆಚ್ಚು ಬೇಕು. ರಾತ್ರಿಯೆಲ್ಲ ತಣ್ಣಗಾದ ಈ ಆನೆ 11 ಗಂಟೆಗೆ ಇನ್ನೂ ನಸುಕಿನಲ್ಲೇ ಇರುತ್ತದೆ. ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ, ಹೊತ್ತು ಮಾತ್ರ ಹೇಳಿಲ್ಲ.

ಮೂರನೇ ಸೆಮ್ · ಬಾಗಲಕೋಟೆ · 10:41

ಸರ್, ಒಂದು ತಕರಾರು. ಬಿಸಲು ಅಷ್ಟ ಲೆಕ್ಕ ಹಿಡದ್ರಿ, ಗಾಳಿ ಬಿಟ್ರಿ. ಮೇ ತಿಂಗಳ ಮಧ್ಯಾಹ್ನ ಗಾಳಿ 40 ಡಿಗ್ರಿ ಇರತೈತಿ, ತೋಪು 30. ಬಿಸಿಗಾಳಿ ಸುತ್ತಮುತ್ತ ಬಡೀತಿದ್ರ ಅದೂ ಶಾಖ ಕೊಡತೈತಿ. ಕೆಳಗಿನ ಕಲ್ಲು ಕಾದು ಬ್ಯಾರೆ ಕೊಡತೈತಿ. ನಾ ಅಂದಾಜು ಹಾಕಿದ್ರ ಇನ್ನೊಂದು ಒಂದೂವರಿಯಿಂದ ಎರಡು ಸಾವಿರ ವಾಟ್ ಬರತೈತಿ.

ನಿವೃತ್ತ ಮಾಸ್ತರ · 10:48

ಒಪ್ಪಿದೆ. ತಾಸಿಗೆ ಒಂದು ಡಿಗ್ರಿ ಅಂತ ತಿದ್ದಿಕೊಳ್ರಿ. ನಲವತ್ತು ವರ್ಷ ಮಕ್ಕಳ ಲೆಕ್ಕದಾಗ ತಪ್ಪು ಹುಡುಕಿದವನ ಲೆಕ್ಕದಾಗ ನೀ ತಪ್ಪು ಹುಡುಕಿದಿ. ರಾತ್ರಿ ಊಟ ಚಲೋ ಸೇರತದ ಇವತ್ತು.

ಉದ್ಯಮಬಾಗ ಎರಕದವ · ಬೆಳಗಾವಿ · ರಾತ್ರಿ 11:30

ಸೆಕೆಂಡ್ ಶಿಫ್ಟ್ ಮುಗಿಸಿ ಈಗ ಓದಿದೆ. ಫೌಂಡ್ರಿಯೊಳಗ ಹದಿನೆಂಟು ವರ್ಷ ಆತು, ಹಿಂಗಾಗಿ ನಂದೂ ನಾಕ್ ಮಾತು.

ಮಾಸ್ತರ ಲೆಕ್ಕ ಏಕದಮ್ ಬರೋಬರ್, ಆದ್ರ ಒಂದು ಪ್ರಶ್ನೆ ಉಳೀತು. 55 ಟನ್ ಇದ್ರೂ ಮ್ಯಾಲಿನ ಚರ್ಮ ಅಷ್ಟ ಯಾಕ ಕಾಯಬಾರದು? ಪಕ್ಕದ ಕಲ್ಲಿನ ಬುರುಜೂ ಸಾವಿರಾರು ಟನ್ ಐತಿ, ಮ್ಯಾಲ ಕಾಲಿಟ್ರ ಸುಡತೈತಿ. ಇಲ್ಲಿ ಲೋಹದ ಜಾತಿ ಕೆಲಸಕ್ಕ ಬರತೈತಿ ನೋಡ್ರಿ, ಬಾಗೇವಾಡಿಯವರದು ಅರ್ಧ ಖರೆ ಆತು. ಕಂಚಿನೊಳಗ ಶಾಖ ಕಲ್ಲಿನಕಿಂತ ಇಪ್ಪತ್ತು ಮೂವತ್ತು ಪಟ್ಟು ಸಲೀಸಾಗಿ ಹರೀತೈತಿ. ಕಲ್ಲಿಗೆ ಬಿದ್ದ ಬಿಸಲು ಮ್ಯಾಲಿನ ನಾಕ್ ಬೆರಳಿನಾಗ ಸಿಕ್ಕೊಂಡು ಕೂಡತೈತಿ. ತೋಪಿಗೆ ಬಿದ್ದದ್ದು ಒಳಗ ಒಳಗ ಹೊಕ್ಕೊಂಡು ಹೋಗತೈತಿ. ಅದರ ಬಾಯಿ 70 ಸೆಂಟಿಮೀಟರ್, ಹೊರಗಿನ ಅಳತಿ 150. ಅಂದ್ರ ಗೋಡಿ ದಪ್ಪ 40 ಸೆಂಟಿಮೀಟರ್. ಅಷ್ಟು ದಪ್ಪ ದಾಟಾಕ ಶಾಖಕ್ಕ ಎರಡು ಮೂರು ತಾಸು ಸಾಕು. ಹಿಂಗಾಗಿ ಹೊರಗೂ ಒಳಗೂ ನಾಕೈದು ಡಿಗ್ರಿಗಿಂತ ಹೆಚ್ಚು ಫರಕ್ ಉಳಿಯಂಗಿಲ್ಲ. ಭಾರನೂ ಬೇಕು, ಶಾಖ ಹಂಚಿಕೊಳ್ಳೋ ಗುಣನೂ ಬೇಕು. ಕಲ್ಲಿಗೆ ಮೊದಲನೇದ್ದು ಐತಿ, ಎರಡನೇದ್ದು ಇಲ್ಲ. ಪತ್ರಾಸಿಗೆ ಎರಡನೇದ್ದು ಐತಿ, ಮೊದಲನೇದ್ದು ಇಲ್ಲ.

ಇನ್ನ ಎರಕದ ಮಾತು. ನಾವು ಒಂದೆರಡು ಟನ್ ಕಾಸ್ಟಿಂಗ್ ಹೊಯ್ಯೂವಾಗ ಬೆವರು ಹರೀತೈತಿ. 1549ರಾಗ 55 ಟನ್ ಕಂಚು ಕರಗಿಸಿ, ನಡುವ ನಿಲ್ಲಿಸಲಾರದ ಅಚ್ಚಿಗೆ ಹೊಯ್ಯೋದು ಅಂದ್ರ ಎಷ್ಟು ಕುಲುಮಿ ಒಮ್ಮೆಲೆ ಉರದಿರಬೇಕು! ನಡುವ ಒಂದು ಗಳಿಗಿ ತಡ ಆದ್ರ ಮೊದಲು ಹೊಯ್ದದ್ದು ಗಟ್ಟಿಯಾಗಿ ಎರಡು ತುಂಡಿನ ನಡುವ ಸಂದಿ ಉಳೀತೈತಿ. ನಾವು ಅದಕ್ಕ ಕೋಲ್ಡ್ ಶಟ್ ಅಂತೀವಿ, ಅಂಥಾ ಮಾಲು ಗುಜರಿಗೆ ಹೋಗತೈತಿ. ತೋಪಿನ್ಯಾಗ ಅಂಥಾದ್ದಿದ್ರ ಮೊದಲನೇ ಬಾರಿಗೇ ಒಡದು ಹಚ್ಚಿದವನ್ನೇ ಕೊಲ್ತಿತ್ತು. ಯಾರಾದ್ರೂ ಅಲ್ಲಿ ಹೋದ್ರ ಬಾಯಿ ಕಡೆ ಆನಿ ನುಂಗೋ ಸಿಂಹದ ಕೆತ್ತನಿ ಅಷ್ಟ ನೋಡಿ ಬರಬ್ಯಾಡ್ರಿ. ಮೈಮ್ಯಾಲೆ ಕೈ ಆಡಿಸಿ ಎರಕ ಎಷ್ಟು ಸಾಫ್ ಐತಿ ನೋಡ್ರಿ.

ಟಾಂಗಾ ಮಾವನ ಅಳಿಯ · ಸೋಮವಾರ ಮುಂಜಾನೆ 7:05

ಮಾವಗ ಓದಿ ಹೇಳಿದೆ. ಎರಕದ ಮಾತು ಬಾಳ ಸೇರಿತು, "ಇದನ್ನೂ ನಾಳೆಯಿಂದ ಹೇಳ್ತೀನಿ" ಅಂದ. ನಾಕನೇ ಮಾತು ಆತು.

ಆದ್ರ ಮಾಸ್ತರ, ಒಂದು ತಿಳೀಲಿಲ್ಲ. ಲೆಕ್ಕದ ಪ್ರಕಾರ 11 ಗಂಟೆಗೆ ತೋಪು ಸುಮಾರು 30 ಡಿಗ್ರಿ ಅನ್ನೋಣ. ನಮ್ಮ ಮನ್ಯಾಗಿನ ಕಟ್ಟಿಗಿ ಕುರ್ಚಿನೂ ಫ್ಯಾನಿನ ಕೆಳಗ 30 ಡಿಗ್ರಿನೇ ಇರತದ. ಅದು ತಣ್ಣಗ ಅನಸಂಗಿಲ್ಲ, ತೋಪು ಐಸ್ ಮುಟ್ಟಿಧಂಗ ಅನಸ್ತು. ಅದ್ಯಾಕ?

ನಿವೃತ್ತ ಮಾಸ್ತರ · ಸೋಮವಾರ 8:15

ಈ ಪ್ರಶ್ನೆ ಕೇಳಿದಿಯಲ್ಲ, ಇಡೀ ಚರ್ಚೆ ಇದಕ್ಕೇ ನಡೀಬೇಕಾಗಿತ್ತು.

ನಮ್ಮ ಕೈ ಥರ್ಮಾಮೀಟರ್ ಅಲ್ಲ. ಅಂಗೈ ಚರ್ಮ ಸುಮಾರು 33 ಡಿಗ್ರಿ ಇರತದ. ಅದು ಅಳಿಯೋದು ತನ್ನ ಶಾಖ ಎಷ್ಟು ವೇಗದಾಗ ಹೊರಗ ಹೊಂಟದ, ಇಲ್ಲವೇ ಒಳಗ ಬರಾಕತ್ತದ ಅನ್ನೋದನ್ನ. ಕಟ್ಟಿಗಿ ಕುರ್ಚಿ ಮುಟ್ಟಿದರ ಕೈ ಕೆಳಗಿನ ಕಟ್ಟಿಗಿಯ ತೆಳು ಪದರು ಗಳಿಗ್ಯಾಗ ಕೈಯಷ್ಟೇ ಬೆಚ್ಚಗಾಗತದ, ಮುಂದ ಶಾಖ ಹರಿಯಾಕ ದಾರಿ ಇಲ್ಲ. ಕಂಚು ಹಂಗಲ್ಲ. ನೀವು ಕೊಟ್ಟ ಶಾಖವನ್ನು ಒಳಗಿನ 55 ಟನ್ನಿಗೆ ದಾಟಿಸಿ ಮತ್ತೆ ಕೈ ಚಾಚತದ. ಎಷ್ಟು ಕೊಟ್ಟರೂ ಸಾಲದು ಅದಕ್ಕ, ಅಳಿಯನಿಗೆ ದೀಪಾವಳಿ ಉಡುಗೊರೆ ಕೊಟ್ಟಂಗ.

ಅದೇ ಕಂಚು 45 ಡಿಗ್ರಿ ಇದ್ದರ? ಕಟ್ಟಿಗಿಗಿಂತ ಹೆಚ್ಚು ಸುಡತದ. ತಣ್ಣಗಿದ್ದಾಗ ಬಲು ತಣ್ಣಗ, ಬಿಸಿ ಇದ್ದಾಗ ಬಲು ಬಿಸಿ, ಅದು ಲೋಹದ ಸ್ವಭಾವ. ಚರ್ಮದ 33 ಡಿಗ್ರಿ ನಡುವಿನ ಗೆರೆ.

ರೊಟ್ಟಿಬುಟ್ಟಿ · ಜಮಖಂಡಿ · ಸೋಮವಾರ ಮಧ್ಯಾಹ್ನ 2:40

ನಾ ಓದಿದ್ದು ಏಳನೇತ್ತಾ. ಗಂಡಸರು ತೋಪಿನ ಮಾತು ಆಡ್ರಿ, ನನಗ ಹಂಚಿಂದು ಹೇಳ್ರಿ. ದಿನಾ ನಲವತ್ತು ಐವತ್ತು ಜ್ವಾಳದ ರೊಟ್ಟಿ ಬಡೀತೀನಿ, ಖಾನಾವಳಿಗೆ ಕೊಡೂದೈತಿ. ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೆ ತಿರುವಿ ಹಾಕ್ತೀನಿ, ಕೈ ಸುಡಂಗಿಲ್ಲ. ನಮ್ಮ ಸೊಸಿ ಅದೇ ಹಂಚಿನ ಅಂಚಿಗೆ ಬೆರಳು ತಗಲಿಸಿಕೊಂಡು ಬೊಬ್ಬಿ ಎಬ್ಬಿಸಿಕೊಂಡಳು. ರೊಟ್ಟಿ ಉಬ್ಬಿದಾಗ ಎಲ್ಲ್ಯಾರ ತೂತಾಗಿ ಉಗಿ ಬಂತಂದ್ರ ಮಾತ್ರ ನನಗೂ ಸುಡತೈತಿ, ಹಂಚಿಗಿಂತ ಉಗಿ ಕೆಟ್ಟದ್ದು. ಇದಕ್ಕೇನಂತೀರಿ ಮಾಸ್ತರ?

ನಿವೃತ್ತ ಮಾಸ್ತರ · 4:00

ಅಕ್ಕಾರ, ನೀವು ಕೇಳಿದ್ದು ತೋಪಿನ ಪ್ರಶ್ನೆನೇ, ತಿರುಗಾಮುರುಗಾ ಹಾಕಿದ್ದು.

ರೊಟ್ಟಿ ಹಸಿ ಇರೋತನಕ ಅದು 100 ಡಿಗ್ರಿ ದಾಟೋದಿಲ್ಲ, ಯಾಕಂದರೆ ಹಂಚು ಕೊಟ್ಟ ಶಾಖವೆಲ್ಲ ನೀರನ್ನು ಉಗಿ ಮಾಡೋದರಲ್ಲೇ ಖರ್ಚಾಗುತ್ತದೆ. ನೀವು ಮೇಲೆ ನೀರು ಸವರುತ್ತೀರಲ್ಲ, ಆ ಮೈ ಅದಕ್ಕಿಂತಲೂ ತಣ್ಣಗಿರುತ್ತದೆ. ಹಿಟ್ಟಿನಲ್ಲಿ ಶಾಖ ನಿಧಾನ ಹರಿಯುತ್ತದೆ. ನಿಮ್ಮ ಬೆರಳು ಒದ್ದೆ, ಮುಟ್ಟೋದು ಅರೆಗಳಿಗೆ. ಸೊಸಿಯವರು ಮುಟ್ಟಿದ್ದು ಕಬ್ಬಿಣ. 200 ಡಿಗ್ರಿಗೂ ಮಿಕ್ಕಿ ಕಾದದ್ದು, ಮೇಲಾಗಿ ಲೋಹ. ಕೇಳದೇ ಕೊಡುವ ದಾನಿ.

ಉಗಿ ಯಾಕೆ ಕೆಟ್ಟದ್ದು? ಒಂದು ಗ್ರಾಂ ನೀರು ಉಗಿಯಾಗಬೇಕಾದರೆ ಸುಮಾರು 2,260 ಜೂಲ್ ನುಂಗಿರುತ್ತದೆ. ನಿಮ್ಮ ಕೈ ಮೇಲೆ ಅದು ಮತ್ತೆ ನೀರಾಗುವಾಗ ಆ ಸಾಲವನ್ನೆಲ್ಲ ನಿಮ್ಮ ಚರ್ಮಕ್ಕೇ ತೀರಿಸುತ್ತದೆ. ಅದೇ ಒಂದು ಗ್ರಾಂ ಕುದಿನೀರು ಚರ್ಮದ ಮಟ್ಟಕ್ಕೆ ತಣಿಯುವಾಗ ಕೊಡೋದು 280 ಜೂಲ್ ಅಷ್ಟೇ. ಎಂಟು ಪಟ್ಟು ಅಂತರ.

ರೊಟ್ಟಿ ಉಬ್ಬೋದೂ ಇದೇ ಉಗಿಯಿಂದ. ಒಂದು ಚಮಚದ ಐದನೇ ಪಾಲು, ಅಂದರೆ ಒಂದು ಗ್ರಾಂ ನೀರು ಉಗಿಯಾದರೆ ಒಂದೂಮುಕ್ಕಾಲು ಲೀಟರ್ ಹತ್ತಿರ ಜಾಗ ಬೇಡುತ್ತದೆ.

ರೊಟ್ಟಿಬುಟ್ಟಿ · 4:25

ಹಿಟ್ಟಿಗೆ ಎಸರು ಸರಿಯಾಗಿ ಹಾಕಲಿಲ್ಲಂದ್ರ ಉಬ್ಬಂಗಿಲ್ಲರಿ, ಅದನ್ನ ಯಾಕ ಬಿಟ್ರಿ? ಜಿಗಿ ಬರಬೇಕು. ತಣ್ಣೀರಾಗ ಕಲಸಿದ್ರ ಬಡಿಯೂವಾಗೇ ಸೀಳತೈತಿ. ಸೀಳಿದ್ದು ಉಗಿ ಎಲ್ಲಿ ಹಿಡೀತೈತಿ?

ಮೂರನೇ ಸೆಮ್ · 4:31

ಅಕ್ಕಾರ ಕರೆಕ್ಟ್. ಜ್ವಾಳದಾಗ ಗೋಧಿಯೊಳಗಿರೋ ಗ್ಲುಟೆನ್ ಇಲ್ಲ. ಕುದಿಯೋ ಎಸರು ಬಿದ್ದಾಗ ಪಿಷ್ಟದ ಕಾಳು ಉಬ್ಬಿ ಒಡದು ಅಂಟಾಗತಾವು, ಆ ಅಂಟೇ ಗ್ಲುಟೆನ್ ಕೆಲಸ ಮಾಡತೈತಿ. ನಮ್ಮ ಹಾಸ್ಟೆಲ್ ಮೆಸ್ಸಿನವರಿಗೆ ಯಾರರ ಇದನ್ನ ಹೇಳ್ರಿ.

ಮಲಪ್ರಭಾ ದಂಡಿ · ಹುನಗುಂದ ತಾಲ್ಲೂಕು · ಸೋಮವಾರ ರಾತ್ರಿ 8:50

ಇದರ ಜೋಡಿ ನಂದೊಂದು ಸೇರಿಸ್ಕೊಳ್ರಿ. ಮೊಹರಂದಾಗ ನಮ್ಮೂರಾಗ ಅಲಾಯಿ ಕುಣಿ ತಗದು ಬೆಂಕಿ ಹಾಕ್ತಾರ. ಡೋಲಿ ಹಿಡಿಯೋರು, ಹೆಜ್ಜಿ ಹಾಕೋರು, ಕೆಂಡ ಹಾಯೋರು ಎಲ್ಲಾ ಜಾತಿಯವರೂ ಇರತಾರ. ನಾ ಎರಡ ಸಲ ಹಾಯ್ದೀನಿ. ಭಕ್ತಿಯಿಂದ ಹಾಯ್ದೀನಿ, ಅದನ್ನ ಯಾರೂ ಅಳಿಯಬ್ಯಾಡ್ರಿ. ಆದ್ರೂ ಕೇಳಬೇಕನಸ್ತು. ಕೆಂಪನ್ನ ಕೆಂಡ ಐದಾರುನೂರು ಡಿಗ್ರಿ ಇರತೈತಂತ. ಅಕ್ಕಾರ ಹಂಚು 200. ಹಂಚಿಗೆ ಬೊಬ್ಬಿ, ಕೆಂಡಕ್ಕ ಇಲ್ಲ. ಹೆಂಗ?

ಉದ್ಯಮಬಾಗ ಎರಕದವ · 9:20

ನಾ ಹೇಳ್ತೀನಿ, ಮಾಸ್ತರ ಊಟ ಮಾಡ್ಲಿ.

ಇದ್ದಲಿ ಕೆಂಡ ಅಂದ್ರ ಹಗರು, ಒಳಗೆಲ್ಲ ತೂತು, ಮ್ಯಾಲ ಬೂದಿ ಹೊದಿಕಿ. ಅದರ ಡಿಗ್ರಿ ದೊಡ್ಡದು, ಗಂಟು ಸಣ್ಣದು. ಕಾಲು ತಗಲಿದ ಕೂಡ್ಲೆ ಮ್ಯಾಲಿನ ಪದರಿನ ಶಾಖ ಖಾಲಿ ಆಗತೈತಿ, ಒಳಗಿಂದ ಮತ್ತ ಬರಬೇಕಂದ್ರ ಹೊತ್ತು ಬೇಕು. ಅಷ್ಟರಾಗ ಮುಂದಿನ ಹೆಜ್ಜಿ. ನಮ್ಮ ಕಾಲಿನ ಚರ್ಮ ಬಹುಪಾಲು ನೀರು, ಕಾಯಾಕ ಬಾಳ ಶಾಖ ಬೇಡತೈತಿ. ಹಿಂಗಾಗಿ ಕೆಂಡ ಸೋಲತೈತಿ, ಕಾಲು ಗೆಲ್ಲತೈತಿ. ಕೆಂಡದ ನಡುವ ಒಂದು ಮೊಳೆ ಅಥವಾ ತಗಡಿನ ತುಂಡು ಬಿದ್ದಿದ್ರ ಆ ಲೆಕ್ಕ ತಿರುಗತೈತಿ. ಅದಕ್ಕ ಹಿರ್ಯಾರು ಕುಣಿಯಾಗಿಂದ ಮೊಳೆ, ತಂತಿ ಆರಿಸಿ ತಗೀತಾರ, ನೋಡಿರಬೇಕು ನೀವು. ನಿಂತ್ರ, ಎಡವಿದ್ರ, ಮ್ಯಾಲ ಬಿದ್ರ ಯಾವ ಲೆಕ್ಕನೂ ಕಾಯಂಗಿಲ್ಲ. ಸುಟ್ಟುಕೊಂಡವರೂ ಅದಾರ. ಇಲ್ಲಿ ಓದಿ ಯಾರೂ ಹಿತ್ತಲದಾಗ ಪ್ರಯೋಗ ಮಾಡಬ್ಯಾಡ್ರಿ.

ನಮ್ಮ ಫೌಂಡ್ರಿಯೊಳಗ ಹೊಸ ಹುಡುಗರಿಗೆ ಮೊದಲ ದಿನ ಕಲಸೂದು ಇದನ್ನ: ಕೆಂಪಗೆ ಕಾಣೂದಕ್ಕ ಯಾರೂ ಕೈ ಹಾಕಂಗಿಲ್ಲ, ಕಪ್ಪಗೆ ಕಾಣೂದಕ್ಕ ಹಾಕಿ ಸುಟ್ಟುಕೊಳ್ತಾರ. ಲೋಹ ಸುಮಾರು 500 ಡಿಗ್ರಿಗೆ ಇಳಿದ್ರ ಕೆಂಪು ಪೂರ್ತಿ ಮಾಯ ಆಗತೈತಿ, ತಣ್ಣಂದು ಹೆಂಗೋ ಹಂಗ ಕಾಣತೈತಿ. ಅಲ್ಯೂಮಿನಿಯಂ ಇನ್ನ ಕಿಲಾಡಿ, 660 ಡಿಗ್ರಿಗೆ ಕರಗೂವಾಗೂ ಹಗಲ ಬೆಳಕಿನ್ಯಾಗ ಬೆಳ್ಳಿ ಹಂಗ ತಣ್ಣಗ ಹೊಳೀತೈತಿ. ಹತ್ರ ಹೋಗೂವಾಗ ಅಂಗೈ ಚಾಚಬಾರದು, ಹಿಂಗೈ ಚಾಚಬೇಕು. ಶಾಖ ಗಾಳಿಯಾಗಿಂದೇ ಬಡದು ಹೇಳತೈತಿ, ಮುಟ್ಟೂ ಜರೂರಿ ಇಲ್ಲ. ನನ್ನ ಎಡಗೈ ಹೆಬ್ಬೆರಳು ನೋಡಿದವರು ಈ ಪಾಠ ಮರಿಯಂಗಿಲ್ಲ.

ಫಸ್ಟ್ ಶೋ ಮಂಜ್ಯಾ · ವಿಜಯಪುರ · ಮಂಗಳವಾರ ಮುಂಜಾನೆ 10:10

ಎರಡನೇ ಮಾತು ಎಲ್ಲರೂ ಮರತ್ರಿ. ನೀರಾಗ ಜಿಗಿಯೋದು! ಸಿನಿಮಾದಾಗ ಹೀರೋ ಯಾವಾಗಲೂ ಬಾಂಬ್ ಸಿಡಿಯೂ ಮುಂದ ನದಿಗೆ ಜಿಗೀತಾನ. ಹಂಗಂದ್ರ ನಮ್ಮ ಸಿನಿಮಾದವರು ಈ ತೋಪಿನಂವನ ಕಡೆಯಿಂದ ಕಲತಾರನು?

ನಿವೃತ್ತ ಮಾಸ್ತರ · ಮಂಗಳವಾರ 11:30

ತೋಪಿನವನ ಕತೆಯಲ್ಲಿ ಬಹಳ ಹುರುಳಿದೆ. ಗಾಳಿಯೊಳಗಿನ ಶಬ್ದಕ್ಕೆ ನೀರು ಅಂದರೆ ಗೋಡೆ. ಹಗುರ ಗಾಳಿ ಭಾರದ ನೀರನ್ನು ಅಲುಗಿಸಲಾರದು. ನೇರಕ್ಕೆ ಬಡಿದ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದ 999 ಪಾಲು ಮೇಲೇ ಪುಟಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 30ರಷ್ಟು ಇಳಿತ. ಕಿವಿಗೆ ಹಾಕುವ ಒಳ್ಳೆಯ ಬೆಣೆಗೆ ಸಮ. ತಲೆ ಪೂರ್ತಿ ಮುಳುಗಿರಬೇಕು ಅಷ್ಟೇ.

ಬಾವ್ಯಾಗ ಈಸಿದವರಿಗೆ ಇದು ಗೊತ್ತಿರಬೇಕು. ಮುಳುಗಿದಾಗ ದಂಡಿಯ ಮೇಲೆ ನಿಂತು ಅವ್ವ ಎಷ್ಟು ಕೂಗಿದರೂ ಕೇಳಂಗಿಲ್ಲ. ಅದೇ ನೀರೊಳಗೆ ಗೆಳೆಯ ಎರಡು ಕಲ್ಲು ಕುಟ್ಟಿದರೆ ಕಿವಿಯೊಳಗೇ ಕುಟ್ಟಿದ ಹಾಗೆ ಕೇಳುತ್ತದೆ. ಆದ್ದರಿಂದ ಮಂಜ್ಯಾ, ಬಾಂಬು ದಂಡಿಯ ಮೇಲೆ ಸಿಡಿದರೆ ನಿನ್ನ ಹೀರೋ ಶಾಣ್ಯಾ. ಬಾಂಬೂ ನೀರಿಗೇ ಬಿದ್ದು ಸಿಡಿದರೆ ಅವನಿಗಿಂತ ದಂಡಿಯ ಮೇಲಿದ್ದವನೇ ಪುಣ್ಯವಂತ. ನೀರು ಕುಗ್ಗುವುದಿಲ್ಲ, ಹೊಡೆತವನ್ನು ಹಾಗೇ ದಾಟಿಸಿ ಪುಪ್ಪುಸ, ಕರುಳು ಒಡೆಯುತ್ತದೆ.

ಗುಂಡಿನ ವಿಷಯಕ್ಕೆ ನೀರು ಒಳ್ಳೆಯ ಗುರಾಣಿ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು. ಅದನ್ನು ಸೀಳಿ ಹೋಗುವ ಗುಂಡು ಕೆಲವೇ ಅಡಿಗಳಲ್ಲಿ ಸುಸ್ತಾಗುತ್ತದೆ.

ಫಸ್ಟ್ ಶೋ ಮಂಜ್ಯಾ · 11:42

ಹಂಗಾರ ಹೀರೋ ಒದ್ದಾಗ ವಿಲನ್ 20 ಅಡಿ ಹಾರೋದು?

ಮೂರನೇ ಸೆಮ್ · 1:15

ಅದನ್ನ ನನಗ ಬಿಡ್ರಿ, ಪರೀಕ್ಷಾ ಸಲುವಾಗಿ ಇದನ್ನೇ ಓದಾಕತ್ತೀನಿ.

20 ಅಡಿ ಅಂದ್ರ 6 ಮೀಟರ್. ಅಷ್ಟು ದೂರ ಹಾರಬೇಕಂದ್ರ ವಿಲನ್ ಕಡಿಮಿ ಅಂದ್ರೂ ಸೆಕೆಂಡಿಗೆ 8 ಮೀಟರ್ ಹತ್ರ ವೇಗದಲೆ ಹೊಂಡಬೇಕು. 70 ಕಿಲೋ ವಿಲನ್, ಒದಿ ತಗಲಿದ್ದು ಸೆಕೆಂಡಿನ ಹತ್ತನೇ ಪಾಲು ಅಂದ್ರ ಬಲ 5,600 ನ್ಯೂಟನ್. ಅಷ್ಟೇ ಬಲ ಹೀರೋನ್ನ ಹಿಂದಕ್ಕ ನೂಕತೈತಿ. ಅಂವ ಗಟ್ಟಿಯಾಗಿ ಕಾಲೂರಿ ನಿಂತ್ರ ನೆಲದ ಘರ್ಷಣೆ ಹೆಚ್ಚಂದ್ರ 500-600 ನ್ಯೂಟನ್ ತಡೀತೈತಿ. ಉಳಿದ 5,000? ಹೀರೋನೂ ಅಷ್ಟೇ ಚಂದ ಆ ಕಡೆ ಹಾರಬೇಕು. ಇಬ್ಬರೂ ಹಾರಿದ್ರ ಯಾರು ಗೆದ್ರಂತ ತಿಳಿಯಂಗಿಲ್ಲ, ಅದಕ್ಕ ವಿಲನ್‌ಗಷ್ಟ ಹಗ್ಗ ಕಟ್ಟಿ ಎಳೀತಾರ.

ನಮ್ಮ ತೋಪಿಗೆ ಬರೋಣ. ಬಾಯಿ 70 ಸೆಂಟಿಮೀಟರ್ ಐತಿ, ಕಲ್ಲಿನ ಗುಂಡು ಸ್ವಲ್ಪ ಸಣ್ಣದು ಅಂತ ಹಿಡದ್ರ 440 ಕಿಲೋ ತೂಗತೈತಿ. ವೇಗ ಸೆಕೆಂಡಿಗೆ 200 ಮೀಟರ್ ಅಂತ ನಾ ಊಹೆ ಮಾಡೀನಿ. ಹಂಗಾದ್ರ 55 ಟನ್ ತೋಪು ಸೆಕೆಂಡಿಗೆ 1.6 ಮೀಟರ್ ವೇಗದಾಗ ಹಿಂದ ಬರತೈತಿ. ಮನಷ್ಯಾ ಗಡಿಬಿಡಿಯಿಂದ ನಡದಷ್ಟು. ಹಿಂದ ನಿಂತವನ ಗತಿ ನೀವೇ ಯೋಚಿಸ್ರಿ. ನೀರಿನ ಹೌಜು ಕಿವಿಗಷ್ಟ ಅಲ್ಲ, ಓಡಾಕೂ ಒಂದು ನೆವ ಇರಬೇಕು! ಇನ್ನ ಅಂಥಾ ತೋಪು ಹೆಗಲ ಮ್ಯಾಲಿಟ್ಟು ಹೊಡಿಯೋ ಹೀರೋಗಳ ಬಗ್ಗೆ ನಾ ಏನೂ ಹೇಳಂಗಿಲ್ಲ, ನಮ್ಮ ರೂಮ್‌ಮೇಟ್ ಅಭಿಮಾನಿ ಸಂಘದಾಗ ಅದಾನ.

ಬಾಗೇವಾಡಿ ಗಾಳಿ · ಮಂಗಳವಾರ ರಾತ್ರಿ 9:00

ಎಲ್ಲಾದಕ್ಕೂ ಲೆಕ್ಕ ಹಾಕ್ತೀರಿ. ಗೋಲಗುಮ್ಮಟದಾಗ ಏಳು ಸಲ ಪ್ರತಿಧ್ವನಿ ಬರೋದು ಮಿನಾರಿಗೆ ಏಳು ಅಂತಸ್ತು ಅದಾವಂತ. ಇದಕ್ಕ ಹಾಕ್ರಿ ಲೆಕ್ಕ.

ನಿವೃತ್ತ ಮಾಸ್ತರ · 9:25

ಮಿನಾರಿನ ಏಳು ಅಂತಸ್ತು ಹೊರಗ ಮೂಲ್ಯಾಗ ಅದಾವ, ದನಿ ಓಡಾಡೋದು ಒಳಗ ಗುಮ್ಮಟದ ಕೆಳಗ. ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಹೋಗತದ. ಎದುರು ಗ್ವಾಡಿಗೆ ಹೋಗಿ ತಿರುಗಿ ಬರಾಕ ಸೆಕೆಂಡಿನ ಐದನೇ ಪಾಲಿಗಿಂತ ತುಸು ಹೆಚ್ಚು. ಅಷ್ಟಷ್ಟು ಹೊತ್ತಿಗೊಮ್ಮೆ ಮರಳತದ, ಪ್ರತಿ ಸಲ ಸೊರಗತದ. ಎಷ್ಟು ಸಲ ಕೇಳಸತದ ಅನ್ನೋದು ಸುತ್ತಲಿನ ಗದ್ದಲದ ಮ್ಯಾಲ. ಮುಂಜಾನೆ ಬಾಗಿಲು ತೆಗೆದ ಕೂಡಲೇ ಹೋಗಿ ಒಂದೇ ಒಂದು ಚಪ್ಪಾಳಿ ತಟ್ಟಿ ಎಣಿಸ್ರಿ. ಸಾಲಿ ಹುಡುಗರ ಬಸ್ಸು ಬಂದ ಮ್ಯಾಲ ಎಣಿಸಿದರ ಒಂದೂ ಸಿಗೋದಿಲ್ಲ.

ಗ್ವಾಡಿಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರಿಗೆ ಕೇಳೋದು ಬ್ಯಾರೆ ಸಂಗತಿ. ಅಲ್ಲಿ ದನಿ ನಡುವಿನಿಂದ ಹಾಯೋದಿಲ್ಲ, ಗ್ವಾಡಿ ಗುಂಟ ತೆವಳಿಕೊಂಡು ಹೋಗತದ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟ ನೋಡಿ ರೇಲೀ ಅನ್ನೋ ಇಂಗ್ಲೀಷ್ ವಿಜ್ಞಾನಿ ಇದನ್ನ ವಿವರಿಸಿದ. ನಮ್ಮ ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಅದೇ ಗುಮ್ಮಟದಾಗ ಪ್ರಯೋಗ ಮಾಡಿದರು. ಆಮೇಲೆ ಬರೆದ ಲೇಖನದಾಗ ಪಾಟ್ನಾದ ಗೋಲ್‌ಘರ್ ಜೊತೆ ನಮ್ಮ ಗೋಲಗುಮ್ಮಟನೂ ಸೇರಿಸಿದರು. ನೊಬೆಲ್ ಬರೋ ಮೊದಲಿನ ಮಾತು ಇದು. ಗೈಡುಗಳು ಏಳು ಅಂತಸ್ತಿನ ಕತೆ ಬಿಟ್ಟು ಇದನ್ನ ಹೇಳಿದರ ಎಷ್ಟು ಚಂದ.

ವೇದಿಕೆ ನಿರ್ವಾಹಕ · 9:40

ಗೋಲಗುಮ್ಮಟಕ್ಕೆ ಬೇರೆ ಚರ್ಚೆ ತೆರೀರಿ ದಯವಿಟ್ಟು. ಇಲ್ಲಿ ತೋಪು ಮತ್ತು ರೊಟ್ಟಿ ಮಾತ್ರ.

ನಿವೃತ್ತ ಮಾಸ್ತರ · 9:44

ಆಯಿತು. ತೋಪಿನ ಮಾಲಕರ ಅಳಿಯಂದಿರಿಗೆ ಒಂದು ಕೆಲಸ. ನಮ್ಮ ಲೆಕ್ಕ ಖರೆ ಇದ್ದರ ಸಂಜೆ ಐದೂವರಿಗೆ ತೋಪು ತಣ್ಣಗ ಇರಬಾರದು. ಬದಿಯ ಕಲ್ಲು ನೆರಳು ಬಿದ್ದ ಕೂಡಲೇ ಆರಾಕ ಹತ್ತತದ, ತೋಪು ಇಳಿಯೋದಿಲ್ಲ. ಹಗಲು ನಿಧಾನ ಕಾದದ್ದು ರಾತ್ರಿ ನಿಧಾನ ಆರಬೇಕು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಅದೇ ಜಾಗಾದಾಗ ಕೈ ಇಟ್ಟು ಬರ್ರಿ. ಮಾವನವರನ್ನೂ ಕರಕೊಂಡು ಹೋಗ್ರಿ.

ಟಾಂಗಾ ಮಾವನ ಅಳಿಯ · ಶುಕ್ರವಾರ ರಾತ್ರಿ 8:30

ಹೋಗಿ ಬಂದ್ವಿ.

ಮುಂಜಾನೆ ಎಂಟೂವರಿಗೆ ಬಾಯಿ ಕಡೆ ಬಲಬದಿಗೆ ಕೈ ಇಟ್ಟೆ. ಹರವಿ ನೀರಿನಂಗ ತಣ್ಣಗ. ಮಾವ ಮೀಸಿ ತಿರುವಿದ. ನಡುವ ಮೂರು ಬಾಡಿಗಿ ಆದ್ವು. ಸಂಜಿ ಐದೂ ಕಾಲಿಗೆ ಮತ್ತ ಏರಿದ್ವಿ. ಅದೇ ಜಾಗಾಕ್ಕ ಕೈ ಇಟ್ಟೆ. ಸುಡತಿದ್ದಿಲ್ಲ, ತಣ್ಣಗೂ ಇದ್ದಿಲ್ಲ. ಪಡುವಣ ಬಿಸಲು ಬೀಳೋ ಬದಿಗೆ ಇಟ್ರ ಉಗುರುಬೆಚ್ಚಗ, ಜ್ವರ ಬಂದ ಕೂಸಿನ ಮೈ ಮುಟ್ಟಿಧಂಗ. ಪಕ್ಕದ ಕಟ್ಟಿ ಕಲ್ಲಿಗೆ ಆಗಲೇ ನೆರಳು ಬಿದ್ದಿತ್ತು, ಅದು ತೋಪಿಗಿಂತ ಆರಾಮಿತ್ತು.

ಮಾವ ಎರಡೂ ಕೈ ಇಟ್ಟ. ಒಂದು ಕೈ ತಗದು ಇನ್ನೊಂದು ಇಟ್ಟ. ಆಮ್ಯಾಲ ಕೆನ್ನಿ ಹಚ್ಚಿದ. ಕಾವಲಿನವ ಸೀಟಿ ಊದಿದ, "ಟೈಮ್ ಆತು, ಇಳೀರಿ" ಅಂತ. ಇಳಿಯೂವಾಗ ಮೆಟ್ಟಲ ಮ್ಯಾಲ ಮಾವ ಒಂದು ಮಾತೂ ಆಡಲಿಲ್ಲ. ಕುದರಿಗೆ ಹುಲ್ಲು ಹಾಕಿ, ಬೀಡಿ ಹಚ್ಚಿ ಕಡೀಕ ಅಂದ:

"ನಿಮ್ಮ ಮಾಸ್ತರಗ ಹೇಳು. ನಾಳೆಯಿಂದ ಟೂರಿಸ್ಟರನ್ನ ಮೊದಲು ತೋಪಿಗೆ ಒಯ್ತೀನಿ, ಗೋಲಗುಮ್ಮಟ ಆಮ್ಯಾಲ."

ನಿವೃತ್ತ ಮಾಸ್ತರ · 8:41

ಆದರೆ ಚಪ್ಪಾಳಿ ಎಣಿಸೋರು ಮುಂಜಾನೆ ಗುಮ್ಮಟಕ್ಕೇ ಹೋಗಬೇಕಲ್ಲ?

ಟಾಂಗಾ ಮಾವನ ಅಳಿಯ · 8:50

ಕೇಳಿದೆ. "ಕುದರಿ ಒಂದೇ ಅದ" ಅಂದ.